ಸೂಜಿಯ ಹೆಸರು ಆಮೇಲೆ, ಮನೆಯ ಮಾತು ಮೊದಲು

ಜಹೀರಾಬಾದು, ನಾರಾಯಣಖೇಡ, ತಾಂಡೂರು ಕಡೆಯ ನನ್ನ ಮಕ್ಕಳೇ,

ಎಟನರ್ಸೆಪ್ಟ್ ಒಳ್ಳೆಯದೋ ಅಡಾಲಿಮುಮ್ಯಾಬ್ ಒಳ್ಳೆಯದೋ ಎಂದು ನಿಮ್ಮಲ್ಲಿ ಹಲವರು ಈಚೆಗೆ ಕೇಳುತ್ತಿದ್ದೀರಿ. ಒಬ್ಬರ ತಾಯಿಗೆ ಕೈಬೆರಳ ಗೆಣ್ಣುಗಳೆಲ್ಲ ಊದಿ ರೊಟ್ಟಿ ಬಡಿಯಲಾಗದ ಸಂಧಿವಾತ. ಇನ್ನೊಬ್ಬರ ಅಣ್ಣನಿಗೆ ಇಪ್ಪತ್ತೈದರ ಹರೆಯದಲ್ಲೇ ಬೆನ್ನು ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಹೈದರಾಬಾದಿನ ಡಾಕ್ಟರು ಎರಡು ಸೂಜಿಗಳ ಹೆಸರು ಹೇಳಿ, ಮನೆಯಲ್ಲಿ ವಿಚಾರ ಮಾಡಿಕೊಂಡು ಬನ್ನಿ ಎಂದಿರುತ್ತಾರೆ. ನಾನು ಡಾಕ್ಟರನಲ್ಲ. ಔಷಧಿ ಅಂಗಡಿಯ ಕಟ್ಟೆಯ ಹಿಂದೆ ನಿಂತು, ಮಾತ್ರೆ ಎಣಿಸಿ ಕೊಟ್ಟು, ಕೊಂಡೊಯ್ದವರ ಮುಖ ನೋಡುತ್ತ ವಯಸ್ಸಾದವನು. ಅಲ್ಲಿ ನಿಂತು ಕಲಿತದ್ದನ್ನು ಹೇಳುತ್ತೇನೆ. ಕೊನೆಯ ತೀರ್ಮಾನ ನಿಮ್ಮ ಡಾಕ್ಟರದ್ದೇ.

ಎರಡೂ ಸೂಜಿಗಳ ಗುರಿ ಒಂದೇ. ನಮ್ಮ ರಕ್ತದಲ್ಲಿ ಟಿಎನ್ಎಫ್ ಎಂಬ ಒಂದು ಪ್ರೋಟೀನ್ ಇದೆ. ರೋಗಾಣು ಬಂದಾಗ ಉರಿಯೂತ ಎಬ್ಬಿಸಿ ಹೋರಾಡುವುದು ಅದರ ಕೆಲಸ. ಸಂಧಿವಾತದಲ್ಲಿ ಅದು ಹೊರಗಿನ ವೈರಿ ಇಲ್ಲದಿದ್ದರೂ ಕೀಲಿನೊಳಗೆ ಉರಿ ಎಬ್ಬಿಸುತ್ತಲೇ ಇರುತ್ತದೆ. ಅದನ್ನು ತಡೆದರೆ ಕೀಲಿನ ಉರಿ ಇಳಿಯುತ್ತದೆ ಎಂದು ರೋಗಿಗಳಲ್ಲಿ ಮೊದಲು ತೋರಿಸಿಕೊಟ್ಟವರು ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ. 1992ರಲ್ಲಿ ಆ ಪರೀಕ್ಷೆ ಶುರುವಾಯಿತು. ಮೈನಿ ಹುಟ್ಟಿದ್ದು ಪಂಜಾಬಿನ ಲೂಧಿಯಾನಾದಲ್ಲಿ ಎಂಬುದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ಎಟನರ್ಸೆಪ್ಟ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ, ಅಡಾಲಿಮುಮ್ಯಾಬ್‌ಗೆ 2002ರ ಡಿಸೆಂಬರ್ ಕೊನೆಯ ದಿನ.

ಗುರಿ ಒಂದಾದರೂ ಎರಡರ ಕಟ್ಟು ಬೇರೆ. ದೇಹದಲ್ಲಿ ಟಿಎನ್ಎಫ್ ಹೋಗಿ ಅಂಟಿಕೊಳ್ಳುವ ಗ್ರಾಹಕವನ್ನೇ ಹೋಲುವಂತೆ ಎಟನರ್ಸೆಪ್ಟ್ ಅನ್ನು ತಯಾರಿಸಿದ್ದಾರೆ. ಅದು ರಕ್ತದಲ್ಲಿ ತೇಲುತ್ತ ಟಿಎನ್ಎಫ್ ಅನ್ನು ತನಗೇ ಅಂಟಿಸಿಕೊಳ್ಳುತ್ತದೆ. ನಾಲ್ಕೈದು ದಿನದಲ್ಲಿ ಅರ್ಧ ಖಾಲಿಯಾಗುವುದರಿಂದ ವಾರಕ್ಕೊಮ್ಮೆ 50 ಮಿಲಿಗ್ರಾಂ, ಇಲ್ಲವೇ ವಾರಕ್ಕೆರಡು ಸಲ 25 ಮಿಲಿಗ್ರಾಂ ಬೇಕು. ಅಡಾಲಿಮುಮ್ಯಾಬ್ ಪೂರ್ಣ ಪ್ರತಿಕಾಯ, ಅಂದರೆ ಟಿಎನ್ಎಫ್ ಒಂದನ್ನೇ ಹುಡುಕಿ ಹಿಡಿಯಲೆಂದು ರೂಪಿಸಿದ ಪ್ರೋಟೀನ್. ರಕ್ತದಲ್ಲಿ ತೇಲುವ ಟಿಎನ್ಎಫ್ ಜೊತೆಗೆ ಜೀವಕೋಶಗಳ ಮೈಮೇಲೆ ಕೂತ ಟಿಎನ್ಎಫ್ ಅನ್ನೂ ಅದು ಬಿಗಿಯಾಗಿ ಹಿಡಿಯುತ್ತದೆ. ಸುಮಾರು ಎರಡು ವಾರ ಅರ್ಧಕ್ಕಿಳಿಯದೆ ಉಳಿಯುತ್ತದೆ; ಹಾಗಾಗಿ ಹದಿನೈದು ದಿನಕ್ಕೊಮ್ಮೆ 40 ಮಿಲಿಗ್ರಾಂ ಸಾಕು. ಎರಡನ್ನೂ ಹೊಟ್ಟೆಯ ಅಥವಾ ತೊಡೆಯ ಚರ್ಮದಡಿ ಚುಚ್ಚಿಕೊಳ್ಳಬಹುದು, ಮನೆಯಲ್ಲೇ ಕಲಿಯಬಹುದು.

ಕೀಲಿನ ನೋವು, ಊತ ಇಳಿಸುವುದರಲ್ಲಿ ಇದಕ್ಕಿಂತ ಅದು ಬಹಳ ಮೇಲು ಎನ್ನುವಂಥ ಅಂತರ ಇಲ್ಲ. ಅಂತರ ಕಾಣುವುದು ಕೀಲಿನ ಆಚೆಗೆ. ಬೆನ್ನು ಬಿಗಿಯುವ ಕಾಯಿಲೆಯವರಲ್ಲಿ ಕೆಲವರಿಗೆ ಕಣ್ಣು ಕೆಂಪಾಗಿ, ಬೆಳಕು ನೋಡಲಾಗದೆ ನೀರು ಸುರಿಯುವ ಯುವಿಯೈಟಿಸ್ ಬರುತ್ತದೆ. ಕೆಲವರಿಗೆ ಕರುಳಿನ ಕಾಯಿಲೆ ಇರುತ್ತದೆ, ಮಲದಲ್ಲಿ ರಕ್ತ ಬೀಳುತ್ತದೆ. ಕ್ರೋನ್ಸ್ ಎಂಬ ಕರುಳಿನ ಕಾಯಿಲೆಗೂ ಕಣ್ಣಿನ ಉರಿಯೂತಕ್ಕೂ ಅಡಾಲಿಮುಮ್ಯಾಬ್ ಕೆಲಸ ಮಾಡುತ್ತದೆ. ಎಟನರ್ಸೆಪ್ಟ್ ಕ್ರೋನ್ಸ್ ಕಾಯಿಲೆಗೆ ನಾಟುವುದಿಲ್ಲ, ಕಣ್ಣಿನ ವಿಷಯದಲ್ಲೂ ಅದನ್ನು ನೆಚ್ಚುವಂತಿಲ್ಲ. ಅಣ್ಣ ಬೆನ್ನಿನ ಮಾತಷ್ಟೇ ಆಡಿ ಮಲದಲ್ಲಿ ರಕ್ತ ಹೋಗುವುದನ್ನು ನಾಚಿಕೆಯಿಂದ ನುಂಗಿಕೊಂಡರೆ ಅವನ ಪಾಲಿಗೆ ತಪ್ಪು ಸೂಜಿ ಬೀಳುತ್ತದೆ.

ನಿಮ್ಮ ಪ್ರಶ್ನೆಗಿಂತ ನನಗೆ ದೊಡ್ಡದಾಗಿ ಕಾಣುವುದು ಈ ನುಂಗಿಕೊಳ್ಳುವ ಮಾತು. ನಮ್ಮ ಮನೆಗಳಲ್ಲಿ ಬಹಳ ಆಳಕ್ಕೆ ಹೂತಿಡುವ ಮಾತೊಂದಿದೆ: ಕ್ಷಯ. ಅಜ್ಜನಿಗೆ ಟಿಬಿ ಆಗಿತ್ತು, ಚಿಕ್ಕಪ್ಪ ಮಾತ್ರೆ ಅರ್ಧಕ್ಕೇ ಬಿಟ್ಟಿದ್ದ, ಅವ್ವನೇ ಹುಡುಗಿಯಾಗಿದ್ದಾಗ ಕುತ್ತಿಗೆಯ ಗಂಟಿಗೆ ಆರು ತಿಂಗಳು ಮಾತ್ರೆ ನುಂಗಿದ್ದಳು. ಇಂಥವನ್ನು ಮದುವೆಯ ಮಾತುಕತೆಗೆ ಹೆದರಿ ಮುಚ್ಚಿ, ಕೊನೆಗೆ ಮಕ್ಕಳಿಗೂ ಹೇಳದೆ ಬಿಟ್ಟಿರುತ್ತಾರೆ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದವರು. ನಮ್ಮಲ್ಲಿ ಎಷ್ಟೋ ಜನರ ಎದೆಯೊಳಗೆ ಆ ರೋಗಾಣು ನಿದ್ದೆಯಲ್ಲಿರುತ್ತದೆ, ಕೆಮ್ಮೂ ಇಲ್ಲ, ಜ್ವರವೂ ಇಲ್ಲ. ದೇಹ ಅದರ ಸುತ್ತ ಬಿಳಿ ರಕ್ತಕಣಗಳ ಮುಳ್ಳುಬೇಲಿ ಹಾಕಿ ಹಿಡಿದಿಟ್ಟಿರುತ್ತದೆ. ಆ ಬೇಲಿಯನ್ನು ಗಟ್ಟಿಯಾಗಿ ನಿಲ್ಲಿಸಿರುವುದೇ ಟಿಎನ್ಎಫ್. ಸೂಜಿ ಹಾಕಿ ಟಿಎನ್ಎಫ್ ಕಿತ್ತರೆ ಬೇಲಿ ಸಡಿಲಾಗುತ್ತದೆ.

ಇದು ಬರಿಯ ಹೆದರಿಕೆಯ ಮಾತಲ್ಲ. 2001ರಲ್ಲೇ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಇದೇ ಗುಂಪಿನ ಔಷಧಿ ತೆಗೆದುಕೊಂಡವರಲ್ಲಿ 70 ಕ್ಷಯದ ಪ್ರಕರಣಗಳನ್ನು ಅಮೆರಿಕದಿಂದ ವರದಿ ಮಾಡಿದರು. ಬ್ರಿಟನ್ನಿನವರು ಸಾವಿರಾರು ಸಂಧಿವಾತ ರೋಗಿಗಳ ದಾಖಲೆ ಇಟ್ಟು 2010ರಲ್ಲಿ ಲೆಕ್ಕ ಕೊಟ್ಟರು. ಒಂದು ಲಕ್ಷ ಜನ ಒಂದು ವರ್ಷ ಔಷಧಿ ತೆಗೆದುಕೊಂಡರೆ ಎಂಬ ಅಳತೆಯಲ್ಲಿ ಕ್ಷಯ ಬಂದದ್ದು ಅಡಾಲಿಮುಮ್ಯಾಬ್‌ನವರಲ್ಲಿ 144 ಮಂದಿಗೆ, ಇನ್‌ಫ್ಲಿಕ್ಸಿಮ್ಯಾಬ್‌ನವರಲ್ಲಿ 136 ಮಂದಿಗೆ, ಎಟನರ್ಸೆಪ್ಟ್‌ನವರಲ್ಲಿ 39 ಮಂದಿಗೆ. ಕ್ಷಯ ಅಪರೂಪವಾದ ದೇಶದ ಲೆಕ್ಕ ಇದು. ಕ್ಷಯ ಮನೆಮನೆಯ ಪರಿಚಯವಾಗಿರುವ ನಮ್ಮ ಊರುಗಳಲ್ಲಿ ಈ ಅಂತರವನ್ನು ಇನ್ನೂ ಗಂಭೀರವಾಗಿ ನೋಡಬೇಕು. ಎದೆಯಲ್ಲಿ ಹಳೆಯ ಕಲೆಯಿದ್ದು, ಕಣ್ಣು ಕರುಳಿನ ತೊಂದರೆ ಇಲ್ಲದವರಿಗೆ ಡಾಕ್ಟರು ಎಟನರ್ಸೆಪ್ಟ್ ಕಡೆ ವಾಲುವುದು ಇದೇ ಕಾರಣಕ್ಕೆ.

ಇಲ್ಲೇ ನಿಮ್ಮ ಕೆಲಸ ಶುರುವಾಗುತ್ತದೆ. 1956ರಲ್ಲಿ ಸೀಮೆ ಹಂಚಿದಾಗ ಬೀದರಿನ ಜಹೀರಾಬಾದು, ನಾರಾಯಣಖೇಡ ಮತ್ತು ಗುಲಬರ್ಗಾದ ತಾಂಡೂರು ತೆಲುಗು ರಾಜ್ಯಕ್ಕೆ ಸೇರಿದವು. ಮನೆಯ ಮಾತು ಮಾತ್ರ ಎಷ್ಟೋ ಕಡೆ ಕನ್ನಡವಾಗಿಯೇ ಉಳಿಯಿತು. ನಿಮ್ಮ ಅವ್ವಂದಿರು ನೋವನ್ನು ಕನ್ನಡದಲ್ಲಿ ಉಣ್ಣುತ್ತಾರೆ, ಡಾಕ್ಟರು ತೆಲುಗಿನಲ್ಲಿ, ಉರ್ದುವಿನಲ್ಲಿ ಕೇಳುತ್ತಾರೆ, ಚೀಟಿ ಇಂಗ್ಲಿಷಿನಲ್ಲಿ ಬರುತ್ತದೆ. ನಡುವೆ ನಿಂತು ಮಾತು ದಾಟಿಸುವವರು ಶಾಲೆಯಲ್ಲಿ ತೆಲುಗು ಕಲಿತ ನೀವು. ಅವ್ವ ಐದು ನಿಮಿಷ ಹೇಳಿದ್ದನ್ನು ನೀವು ಅವಸರದಲ್ಲಿ ಎರಡೇ ಶಬ್ದಕ್ಕೆ ಇಳಿಸಿಬಿಡುತ್ತೀರಿ. ಅವಳು “ಮುಂಜಾನಿ ಎದ್ದ್ರ ಬಿಸಿಲೇರೂತನ ಮುಷ್ಟಿ ಮಡಚಾಕ ಬರೂದಿಲ್ಲ, ಆಮ್ಯಾಲ ಸಡಿಲಾಗತೈತಿ” ಎನ್ನುತ್ತಾಳೆ. ನೀವು ಕೈ ನೋವು ಎಂದಷ್ಟೇ ಹೇಳುತ್ತೀರಿ. ಡಾಕ್ಟರಿಗೆ ಬೇಕಾದ ಮಾತೇ ಆ ಬಿಸಿಲೇರುವತನಕದ ಮಾತು. ಬೆಳಗಿನ ಬಿಗಿತ ಅರ್ಧ ತಾಸಿಗೂ ಮೀರಿ ಉಳಿಯುವುದು ಉರಿಯೂತದ ವಾತದ ಗುರುತು. ದುಡಿದು ಸವೆದ ಮೊಣಕಾಲು ಬೆಳಿಗ್ಗೆ ಬೇಗ ಸಡಿಲಾಗುತ್ತದೆ, ಸಂಜೆಯ ಹೊತ್ತಿಗೆ ನೋಯುತ್ತದೆ. ಅವಳ ಮಾತನ್ನು ಪೂರ್ತಿ ದಾಟಿಸಿ.

ಡಾಕ್ಟರ ಬಳಿ ಹೋಗುವ ಮುಂಚಿನ ರಾತ್ರಿ ಮನೆಯ ಹಿರಿಯರನ್ನು ಕೂಡಿಸಿಕೊಂಡು ಕೇಳಿ: ಈ ಮನೆಯಲ್ಲಿ ಯಾರಿಗೆ ಟಿಬಿ ಆಗಿತ್ತು, ಎಷ್ಟು ತಿಂಗಳು ಮಾತ್ರೆ ತಿಂದರು, ಅರ್ಧಕ್ಕೆ ಬಿಟ್ಟರೋ ಪೂರ್ತಿ ಮಾಡಿದರೋ? ತಾಂಡೂರಿನ ಕಲ್ಲು ಗಣಿಯಲ್ಲಿ, ಪಾಲಿಶ್ ಯಂತ್ರದ ಮುಂದೆ ಧೂಳು ಕುಡಿದು ದುಡಿದವರಿದ್ದರೆ ಅದನ್ನೂ ಬರೆದುಕೊಳ್ಳಿ. ಕಲ್ಲಿನ ಧೂಳಿನಲ್ಲಿ ಸಿಲಿಕಾ ಇದ್ದರೆ ಅದು ಎದೆಯನ್ನು ಕ್ಷಯಕ್ಕೆ ಸಡಿಲ ಮಾಡುತ್ತದೆ, ಸಂಧಿವಾತದ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. ಕಾಮಾಲೆ ಆಗಿತ್ತೇ, ಹೆಪಟೈಟಿಸ್ ಬಿ ಎಂದು ಯಾರಾದರೂ ಹೇಳಿದ್ದರೇ ಎಂದೂ ಕೇಳಿ. ಹಿರಿಯರು ಮೊದಲು ಇಲ್ಲ ಎನ್ನುತ್ತಾರೆ. ಚಹಾ ಕೊಟ್ಟು ಇನ್ನೊಮ್ಮೆ ಕೇಳಿ.

ಸೂಜಿಗೆ ಮೊದಲು ಎದೆಯ ಎಕ್ಸ್‌ರೇ, ಮೊಣಕೈ ಕೆಳಗೆ ಚುಚ್ಚುವ ಮಾಂಟೂ ಪರೀಕ್ಷೆ ಇಲ್ಲವೇ ಇಗ್ರಾ ಎಂಬ ರಕ್ತಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಸಿ, ಎಚ್ಐವಿ ಇವೆಲ್ಲ ಆಗಲೇಬೇಕು. ಇವನ್ನು ಹಣ ಕೀಳುವ ನೆಪ ಎಂದು ತಿಳಿಯಬೇಡಿ. ಮಾಂಟೂ ಚುಚ್ಚಿಸಿಕೊಂಡು, ಎರಡು ಮೂರು ದಿನದ ಮೇಲೆ ಮತ್ತೆ ಬಸ್ಸಿನ ಖರ್ಚು ಯಾಕೆಂದು ಓದಿಸಲು ಹೋಗದೆ ಉಳಿದವರನ್ನು ಕಂಡಿದ್ದೇನೆ. ಓದಿಸದಿದ್ದರೆ ಚುಚ್ಚಿಸಿಕೊಂಡದ್ದೇ ವ್ಯರ್ಥ. ನಿದ್ದೆಯಲ್ಲಿರುವ ಕ್ಷಯ ಸಿಕ್ಕರೆ ಎದೆಗುಂದಬೇಡಿ. ಆರು ತಿಂಗಳು ದಿನವೂ ಐಸೋನಿಯಾಜಿಡ್, ಅಥವಾ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಐಸೋನಿಯಾಜಿಡ್ ಮತ್ತು ರಿಫಾಪೆಂಟಿನ್, ಇವು ಕ್ಷಯ ತಡೆಯುವ ಮಾತ್ರೆಗಳು. ಸಾಮಾನ್ಯವಾಗಿ ಒಂದು ತಿಂಗಳಾದರೂ ಇವನ್ನು ತಿಂದ ಮೇಲೆ ಸೂಜಿ ಶುರು ಮಾಡುತ್ತಾರೆ. ದೇಶದ ಕ್ಷಯ ಕಾರ್ಯಕ್ರಮದ 2021ರ ಮಾರ್ಗಸೂಚಿಯಲ್ಲಿ ಟಿಎನ್ಎಫ್ ತಡೆಯುವ ಸೂಜಿಯವರನ್ನೂ ಸೇರಿಸಿದ್ದಾರೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೇಳಿ. ಆ ತಿಂಗಳುಗಳಲ್ಲಿ ಕಳ್ಳು, ಸಾರಾಯಿ ಮುಟ್ಟಬಾರದು, ಯಕೃತ್ತಿಗೆ ಪೆಟ್ಟು.

ಪರೀಕ್ಷೆ ಶುದ್ಧ ಬಂದಿತೆಂದು ಮರೆತುಬಿಡುವಂತೆಯೂ ಇಲ್ಲ. ಸ್ಟಿರಾಯ್ಡ್ ತಿನ್ನುತ್ತಿರುವವರಲ್ಲಿ ಮಾಂಟೂ ಸುಳ್ಳು ಹೇಳಬಹುದು. ಸೂಜಿ ಶುರುವಾದ ಮೇಲೆ ಹೊಸದಾಗಿಯೂ ಕ್ಷಯ ತಗಲಬಹುದು. ಇವರಲ್ಲಿ ಅದು ಎದೆ ಬಿಟ್ಟು ಹೊಟ್ಟೆಯಲ್ಲಿ, ಗಂಟುಗಳಲ್ಲಿ ಕಾಣಿಸುವುದು ಹೆಚ್ಚು, ಆದ್ದರಿಂದ ಕೆಮ್ಮಿಗಾಗಿ ಕಾಯಬೇಡಿ. ಸಂಜೆಯ ಜ್ವರ, ಇಳಿಯುವ ತೂಕ, ರಾತ್ರಿ ಬೆವರು ಕಂಡರೆ ಮುಂದಿನ ಸೂಜಿ ಹಾಕುವ ಮೊದಲೇ ಡಾಕ್ಟರಿಗೆ ಫೋನು ಮಾಡಿ.

ಇನ್ನು ದುಡ್ಡಿನ ಮಾತು. ಕಬ್ಬು, ಶುಂಠಿ, ತೊಗರಿಯ ಮೇಲೆ ನಿಂತ ಮನೆಗಳು ನಮ್ಮವು. ಅಡಾಲಿಮುಮ್ಯಾಬ್‌ನ ಜಗತ್ತಿನ ಮೊದಲ ಬಯೋಸಿಮಿಲರ್, ಅಂದರೆ ಮೂಲ ಔಷಧಿಗೆ ಸರಿಹೊಂದುವ ಅಗ್ಗದ ರೂಪ, ಬಂದದ್ದು ನಮ್ಮ ದೇಶದಲ್ಲೇ. 2014ರ ಡಿಸೆಂಬರಿನಲ್ಲಿ ಅಹಮದಾಬಾದಿನ ಝೈಡಸ್ ಅದನ್ನು ಹೊರತಂದಿತು. ಎಟನರ್ಸೆಪ್ಟ್‌ದೂ 2013ರಿಂದ ಅಗ್ಗದ ರೂಪದಲ್ಲಿ ಇಲ್ಲಿ ಸಿಗುತ್ತಿದೆ. ಆದರೂ ತಿಂಗಳ ಲೆಕ್ಕ ಹಾಕಿದರೆ ಅದು ಕೂಲಿಯ ಮನೆಗೆ ಹೊರೆಯೇ. ಬೆಲೆ ಕೇಳುವಾಗ ಒಂದು ಸೂಜಿಯ ಬೆಲೆ ಕೇಳಬೇಡಿ, ತಿಂಗಳಿಗೆ ಎಷ್ಟು ಸೂಜಿ, ಒಟ್ಟು ಎಷ್ಟು ಎಂದು ಕೇಳಿ: ವಾರಕ್ಕೊಮ್ಮೆಯ ಎಟನರ್ಸೆಪ್ಟ್ ನಾಲ್ಕು, ಅಡಾಲಿಮುಮ್ಯಾಬ್ ಎರಡು. ನಿಮ್ಮ ರೇಷನ್ ಕಾರ್ಡು ತೆಲಂಗಾಣದ್ದು, ಬೀದರ ಎಷ್ಟೇ ಹತ್ತಿರವಿದ್ದರೂ ಕರ್ನಾಟಕದ ಯೋಜನೆ ನಿಮಗೆ ಸಿಗುವುದಿಲ್ಲ. ನಿಮ್ಮ ಆರೋಗ್ಯಶ್ರೀಯಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಆಸ್ಪತ್ರೆಯ ಆ ಕೌಂಟರಿನಲ್ಲೇ ಮೊದಲು ಕೇಳಿ, ಹೊಲ ಅಡವಿಡುವ ಮಾತು ಆಮೇಲೆ.

ಹೊಲದ ಮಾತು ಬಂದಾಗ ನನ್ನ ಎದೆ ಹೊಡೆದುಕೊಳ್ಳುತ್ತದೆ. ಸಂಧಿವಾತಕ್ಕೆ ಎರಡು ಸೂಜಿಗಳನ್ನು ಹೋಲಿಸುವ ಮುಂಚೆ ಮೂರು ಅಗ್ಗದ ಮಾತ್ರೆಗಳನ್ನು ಹೋಲಿಕೆಗೆ ಕೂಡಿಸಿಕೊಳ್ಳಿ: ಮೆಥೋಟ್ರೆಕ್ಸೇಟ್, ಸಲ್ಫಸಲಜೀನ್, ಹೈಡ್ರಾಕ್ಸಿಕ್ಲೋರೋಕ್ವಿನ್. ಮೆಥೋಟ್ರೆಕ್ಸೇಟ್ ಒಂದರಿಂದಲೇ ಕಡಿಮೆಯಾಗದ 353 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಮೂರು ಮಾತ್ರೆಗಳನ್ನೂ ಇನ್ನೊಂದಕ್ಕೆ ಮೆಥೋಟ್ರೆಕ್ಸೇಟ್ ಜೊತೆ ಎಟನರ್ಸೆಪ್ಟ್ ಅನ್ನೂ ಕೊಟ್ಟು 48 ವಾರ ನೋಡಿದರು. 2013ರಲ್ಲಿ ಫಲ ಪ್ರಕಟವಾಯಿತು: ಮೂರು ಮಾತ್ರೆಗಳು ಸೂಜಿಗಿಂತ ಕಡಿಮೆಯೇನಲ್ಲ ಎಂದು. ಎರಡೂ ಗುಂಪುಗಳಲ್ಲಿ ಸುಮಾರು ಕಾಲು ಭಾಗದವರಿಗೆ ಮೊದಲ ಚಿಕಿತ್ಸೆ ನಾಟದೆ, ಆ ಕಡೆಯವರು ಈ ಕಡೆಗೆ, ಈ ಕಡೆಯವರು ಆ ಕಡೆಗೆ ಬದಲಾದರು. ಆದ್ದರಿಂದ ಡಾಕ್ಟರನ್ನು ಹೆದರದೆ ಕೇಳಿ: ಮೂರು ಮಾತ್ರೆ ಪೂರ್ತಿ ಪ್ರಮಾಣದಲ್ಲಿ, ಸಾಕಷ್ಟು ತಿಂಗಳು ಕೊಟ್ಟು ನೋಡಿದ್ದೀರಾ? ಬೆನ್ನಿನ ಕಾಯಿಲೆಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಬೆನ್ನೆಲುಬಿನ ಬಿಗಿತಕ್ಕೆ ಮೆಥೋಟ್ರೆಕ್ಸೇಟ್ ಕೆಲಸ ಮಾಡುವುದಿಲ್ಲ. ಅಲ್ಲಿ ನೋವಿಳಿಸುವ ಮಾತ್ರೆ, ವ್ಯಾಯಾಮ, ಆಮೇಲೆ ಸೂಜಿಯೇ.

ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ. ಇದನ್ನು ಗೋಡೆಯ ಮೇಲೆ ಬರೆದು ಹಾಕಿ. ದಿನವೂ ತಿಂದು ಬಾಯೆಲ್ಲ ಹುಣ್ಣಾಗಿ, ರಕ್ತಕಣ ಇಳಿದು ಪ್ರಾಣ ಹೋದವರಿದ್ದಾರೆ. ವಾರದ ಯಾವ ದಿನವೆಂದು ಗೊತ್ತು ಮಾಡಿ, ಅದೇ ದಿನ ನೀವೇ ಅವ್ವನ ಕೈಗೆ ಕೊಡಿ. ಜೊತೆಗೆ ಬರೆದುಕೊಡುವ ಫೋಲಿಕ್ ಆಸಿಡ್ ಬೇರೆ ದಿನ. ಅಡಾಲಿಮುಮ್ಯಾಬ್ ಆರಿಸಿಕೊಂಡರೂ ಮೆಥೋಟ್ರೆಕ್ಸೇಟ್ ಜೊತೆಯಲ್ಲಿರುವುದು ಮೇಲು. ಅಡಾಲಿಮುಮ್ಯಾಬ್ ವಿರುದ್ಧ ಕೆಲವರ ದೇಹ ತಾನೇ ಪ್ರತಿಕಾಯ ಮಾಡಿಕೊಂಡು ಸೂಜಿಯನ್ನು ಸೋಲಿಸುತ್ತದೆ, ಮೆಥೋಟ್ರೆಕ್ಸೇಟ್ ಅದನ್ನು ತಗ್ಗಿಸುತ್ತದೆ. ಎಟನರ್ಸೆಪ್ಟ್‌ಗೆ ಆ ತೊಂದರೆ ಕಡಿಮೆ, ಆದರೆ ಚುಚ್ಚಿದ ಜಾಗ ಕೆಂಪಾಗಿ ತುರಿಸುವುದು ಹೆಚ್ಚು. ಅದು ಸಾಮಾನ್ಯವಾಗಿ ತಾನೇ ಇಳಿಯುತ್ತದೆ.

ಹಣ ಸಾಲದಾದಾಗ ನೀವೇ ಸೂಜಿಯ ನಡುವಿನ ದಿನಗಳನ್ನು ಎಳೆಯಬೇಡಿ. ಕಾಯಿಲೆ ಚೆನ್ನಾಗಿ ಇಳಿದ ಮೇಲೆ ಡಾಕ್ಟರೇ ಪ್ರಮಾಣ ಇಳಿಸಬಹುದು. ಎಟನರ್ಸೆಪ್ಟ್ ಅನ್ನು ವಾರಕ್ಕೆ 50ರಿಂದ 25 ಮಿಲಿಗ್ರಾಂಗೆ ಇಳಿಸಿ, ಮೆಥೋಟ್ರೆಕ್ಸೇಟ್ ಮುಂದುವರಿಸಿದವರಲ್ಲಿ ಹೆಚ್ಚಿನವರು ಹದದಲ್ಲೇ ಉಳಿದದ್ದನ್ನು ಪರೀಕ್ಷಿಸಿ ತೋರಿಸಿದ್ದಾರೆ. ದುಡ್ಡಿಲ್ಲ ಎಂಬುದನ್ನು ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ, ಅದೂ ಮುಚ್ಚಿಡುವ ಮಾತಲ್ಲ. ಹಿಂದೆ ಕ್ಷಯ ಆಗಿ ಈ ಎರಡೂ ಸೂಜಿ ಬೇಡವೆನಿಸಿದರೆ ಸಂಧಿವಾತದವರಿಗೆ ರಿಟುಕ್ಸಿಮ್ಯಾಬ್ ಎಂಬ ಮೂರನೆಯ ದಾರಿ ಇದೆ. ಆಸ್ಪತ್ರೆಯಲ್ಲಿ ಮಲಗಿಸಿ ನರದ ಮೂಲಕ, ಹದಿನೈದು ದಿನದ ಅಂತರದಲ್ಲಿ ಎರಡು ಸಲ ಕೊಡುತ್ತಾರೆ. ಹೈದರಾಬಾದಿನ ಡಾ. ರೆಡ್ಡೀಸ್ ಅದರ ಅಗ್ಗದ ರೂಪವನ್ನು 2007ರಲ್ಲೇ ತಂದಿತು. ಅದಕ್ಕೆ ಹೆಪಟೈಟಿಸ್ ಬಿ ಪರೀಕ್ಷೆ ತಪ್ಪಿಸಲೇಬಾರದು. ಟೊಫಾಸಿಟಿನಿಬ್ ಎಂಬ ಸಂಧಿವಾತದ ಮಾತ್ರೆ ಅಗ್ಗವಾಗಿದೆ, ನುಂಗಲು ಸುಲಭ ಎಂದು ಕೆಲವರು ನೇರವಾಗಿ ಅಂಗಡಿಗೆ ಬರುತ್ತಾರೆ. ಅದಕ್ಕೂ ಕ್ಷಯದ ಭಯ ಇದ್ದೇ ಇದೆ, ಸರ್ಪಸುತ್ತು ಹೆಚ್ಚು. ಐವತ್ತು ದಾಟಿ ಹೃದಯದ ಅಪಾಯ ಇದ್ದವರಲ್ಲಿ ಇದೇ ಎಟನರ್ಸೆಪ್ಟ್, ಅಡಾಲಿಮುಮ್ಯಾಬ್‌ಗಳ ಎದುರು ಹೋಲಿಸಿದಾಗ ಹೃದಯಾಘಾತ, ಕ್ಯಾನ್ಸರು ಹೆಚ್ಚು ಕಂಡವು ಎಂದು 2022ರಲ್ಲಿ ಪ್ರಕಟವಾಯಿತು.

ಸಂತೆಯಲ್ಲಿ ಮಾರುವ ವಾತದ ಪುಡಿಯ ಬಗ್ಗೆ ಒಂದೇ ಮಾತು. ಎರಡು ದಿನದಲ್ಲಿ ನೋವು ಮಾಯವಾಗಿ, ಮುಖ ಊದಿ, ಸಕ್ಕರೆ ಏರಿದರೆ ಅದರೊಳಗೆ ಸ್ಟಿರಾಯ್ಡ್ ಇದೆ ಎಂದು ತಿಳಿಯಿರಿ. ಡಾಕ್ಟರಿಗೆ ಆ ಪೊಟ್ಟಣವನ್ನೇ ಒಯ್ದು ತೋರಿಸಿ, ಒಮ್ಮೆಲೇ ನಿಲ್ಲಿಸುವುದೂ ಅಪಾಯ.

ಸೂಜಿ ತರುವಾಗ ಬಿಸಿಲು ನಿಮ್ಮ ವೈರಿ. ಇವು ಪ್ರೋಟೀನು. 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು, ಹೆಪ್ಪುಗಟ್ಟಲೂಬಾರದು. ಮೇ ತಿಂಗಳಲ್ಲಿ ಹೈದರಾಬಾದಿನಿಂದ ಜಹೀರಾಬಾದಿಗೆ ಬಸ್ಸಿನಲ್ಲಿ ಬರುವಾಗ, ಸಿಕಂದರಾಬಾದಿನಿಂದ ತಾಂಡೂರಿಗೆ ರೈಲಿನಲ್ಲಿ ಬರುವಾಗ ಥರ್ಮೋಕೋಲ್ ಡಬ್ಬಿ, ಐಸ್ ಪ್ಯಾಕು ಇರಲಿ, ಪ್ಯಾಕಿಗೂ ಸೂಜಿಗೂ ನಡುವೆ ಬಟ್ಟೆಯ ಮಡಿಕೆ ಇರಲಿ. ನಾರಾಯಣಖೇಡದವರಿಗೆ ರೈಲೂ ಇಲ್ಲ, ಬಸ್ಸು ಬದಲಿಸುವ ಹೊತ್ತು ಡಬ್ಬಿ ನೆರಳಿನಲ್ಲಿರಲಿ. ಮನೆಯ ಫ್ರಿಜ್ಜಿನಲ್ಲಿ ನಡುವಿನ ತಟ್ಟೆಯಲ್ಲಿಡಿ, ಬಾಗಿಲಿನಲ್ಲೂ ಬೇಡ, ಐಸಿನ ಡಬ್ಬಿಗೆ ತಾಗಿಸಿಯೂ ಬೇಡ. ಕರೆಂಟು ತಾಸುಗಟ್ಟಲೆ ಹೋದ ದಿನ ಫ್ರಿಜ್ಜನ್ನು ತೆರೆಯಬೇಡಿ. ಪ್ರತಿ ಸೂಜಿಯ ಕಂಪನಿ, ಬ್ಯಾಚು ನಂಬರು, ಹಾಕಿದ ತಾರೀಖು ಒಂದು ನೋಟುಪುಸ್ತಕದಲ್ಲಿ ಬರೆಯಿರಿ.

ಕೊನೆಗೆ ಉಳಿದದ್ದು ಹೆಣ್ಣುಮಕ್ಕಳ ಮಾತು. ಸಂಧಿವಾತ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು, ಎಷ್ಟೋ ಸಲ ಮದುವೆಯ ವಯಸ್ಸಿನಲ್ಲೇ ಬರುತ್ತದೆ. ತವರಿನಲ್ಲಿ ಎರಡು ವರ್ಷ ಸೂಜಿ ಹಾಕಿಸಿ ಕೈ ಸರಿಮಾಡಿ, ಮದುವೆಗೆ ಒಂದು ತಿಂಗಳಿರುವಾಗ ಎಲ್ಲ ನಿಲ್ಲಿಸಿ, ಹುಡುಗನ ಮನೆಗೆ ಹೇಳದೆ ಕಳಿಸುತ್ತಾರೆ. ಆರು ತಿಂಗಳಲ್ಲಿ ಅವಳ ಮಣಿಕಟ್ಟು ಮತ್ತೆ ಊದಿಕೊಳ್ಳುತ್ತದೆ, ನೀರಿನ ಕೊಡ ಎತ್ತಲಾರದವಳನ್ನು ಅತ್ತೆ ಸೋಮಾರಿ ಎನ್ನುತ್ತಾಳೆ. ತಂಗಿಯ ಮದುವೆ ಗೊತ್ತು ಮಾಡುವಾಗ, ತಮ್ಮಂದಿರೇ, ನೀವು ಬಾಯಿ ಬಿಡಿ. ಹುಡುಗನೂ ಒಮ್ಮೆ ಡಾಕ್ಟರ ಮುಂದೆ ಕೂತು ಕೇಳಿಸಿಕೊಳ್ಳಲಿ. ಮೆಥೋಟ್ರೆಕ್ಸೇಟ್ ಬಸಿರಿಗೆ ವಿಷ; ಮಗು ಬೇಕೆಂದು ತೀರ್ಮಾನಿಸುವ ತಿಂಗಳುಗಳ ಮೊದಲೇ ಡಾಕ್ಟರು ಅದನ್ನು ನಿಲ್ಲಿಸಬೇಕು. ಈ ಎರಡು ಸೂಜಿಗಳ ವಿಷಯ ಹಾಗಲ್ಲ, ಬಸಿರಿನಲ್ಲಿಯೂ ಅಗತ್ಯವಿದ್ದರೆ ಕೊಡುತ್ತಾರೆ, ಯಾವ ತಿಂಗಳಲ್ಲಿ ನಿಲ್ಲಿಸಬೇಕೆಂದು ಡಾಕ್ಟರು ಹೇಳುತ್ತಾರೆ. ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ದಾಟುವುದು ಅಡಾಲಿಮುಮ್ಯಾಬ್ ಹೆಚ್ಚು, ಎಟನರ್ಸೆಪ್ಟ್ ಕಡಿಮೆ.

ದಾಟಿದ ಔಷಧಿ ಕೂಸಿನ ರಕ್ತದಲ್ಲಿ ತಿಂಗಳುಗಟ್ಟಲೆ ಉಳಿಯಬಹುದು. ನಮ್ಮ ಆಸ್ಪತ್ರೆಗಳಲ್ಲಿ ಕೂಸು ಹುಟ್ಟಿದ ಕೂಡಲೇ ಬಿಸಿಜಿ ಚುಚ್ಚುತ್ತಾರೆ. ಬಿಸಿಜಿ ಎಂದರೆ ಬಲ ಕುಗ್ಗಿಸಿದ, ಆದರೆ ಜೀವವಿರುವ ರೋಗಾಣು. ತಾಯಿ ಬಸಿರಿನಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ತೆಗೆದುಕೊಂಡಿದ್ದ ಕೂಸೊಂದು ಬಿಸಿಜಿ ಹಾಕಿಸಿದ ಮೇಲೆ ಆ ಲಸಿಕೆಯ ರೋಗಾಣುವೇ ಮೈಗೆಲ್ಲ ಹರಡಿ ತೀರಿಕೊಂಡದ್ದನ್ನು 2010ರಲ್ಲಿ ವೈದ್ಯರು ವರದಿ ಮಾಡಿದ್ದಾರೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಇಂಥ ಸೂಜಿ ಬಿದ್ದಿದ್ದರೆ ಬಿಸಿಜಿಯನ್ನು ಕನಿಷ್ಠ ಆರು ತಿಂಗಳು ಮುಂದೆ ಹಾಕುತ್ತಾರೆ. ಹೆರಿಗೆ ಕೋಣೆಯ ನರ್ಸಿಗೆ ಇದು ತಾನಾಗಿ ತಿಳಿಯುವುದಿಲ್ಲ, ಹುಡುಗಿ ಹೇಳುವ ಸ್ಥಿತಿಯಲ್ಲಿರುವುದಿಲ್ಲ, ಅತ್ತೆಮನೆಗೆ ಸೂಜಿಯ ಸುದ್ದಿಯೇ ಗೊತ್ತಿರುವುದಿಲ್ಲ. ಏಳನೆಯ ತಿಂಗಳಲ್ಲೇ ಅವಳ ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಸೂಜಿಯ ಹೆಸರು, ಕೊನೆಯ ಸಲ ಹಾಕಿದ ತಾರೀಖು, ಮಗುವಿನ ಡಾಕ್ಟರು ನೋಡುವ ತನಕ ಬಿಸಿಜಿ ಬೇಡ ಎಂಬ ಮಾತು, ಇಷ್ಟನ್ನೂ ತೆಲುಗಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ, ಡಾಕ್ಟರ ಸಹಿ ಹಾಕಿಸಿಕೊಳ್ಳಿ.